ಹಿಡಿಮಣ್ಣು

ಕಾರಟಗಿಯ ಗೊಬ್ಬರದಂಗಡಿಯಲ್ಲಿ ಹಮಾಲಿ ನಾನು.
ಹೆಗಲ ಮೇಲೆ ಇಪ್ಪತ್ತೆರಡು ವರ್ಷದ ಯೂರಿಯಾ,
ಬೆವರಿಗೆ ಕರಗಿ ಬೆನ್ನುಹುರಿಗುಂಟ ಇಳಿದ ಬಿಳಿ ಹರಳು.
'ನಿನ್ನ ಬನಿಯನ್ನು ಹಿಂಡಿದರೆ
ಒಂದು ಮಡಿ ಭತ್ತ ಹಸಿರಾಗತೈತಿ ನೋಡು'
ನಗುತ್ತಾನೆ ಮುನೀಮ.

ಹಸಿರಾಗದ್ದು ನನ್ನ ಅರ್ಧ ಎಕರೆ.
ಕಾಲುವೆಯ ಕೊಟ್ಟಕೊನೆಗೆ,
ಎಲ್ಲರ ಗದ್ದೆಯ ಬಸಿನೀರು ಬಂದು ಕೂರುವ ತಗ್ಗು ಅದು.
ಬಿಸಿಲು ಬಲಿತರೆ ಸೌಳು ಮೇಲೆದ್ದು
ಸುಟ್ಟ ಹಪ್ಪಳದ ಹಾಗೆ ಕಾಲಡಿ ಮುರಿಯುತ್ತದೆ ನೆಲ.

ದ್ಯಾವಮ್ಮ ಸಂಘದ ಸಭೆಯಿಂದ ಬಂದಳು,
ಅಂಗೈ ಮೇಲೆ ಪೆನ್ನಿನಲ್ಲಿ ಏನೋ ಗೀಚಿಕೊಂಡು.
ಮಗಳು ಓದಿ ಹೇಳಿದಳು:
ಸಗಣಿ, ಗಂಜಲ, ಬೆಲ್ಲ, ಹಿಟ್ಟು...
ಐದನೆಯದು ಕಿರುಬೆರಳ ಬುಡದಲ್ಲಿ ಬೆವರಿಗೆ ಅಳಿಸಿತ್ತು.
'ಅದು ನನಗ ನೆನಪೈತಿ' ಅಂದಳು, ಹೇಳಲಿಲ್ಲ.

ಎಮ್ಮೆಯಿಲ್ಲದ ಮನೆ ನಮ್ಮದು.
ಹೊನ್ನೂರಬಿಯ ಹಟ್ಟಿ ಗುಡಿಸಿಕೊಟ್ಟು
ಬುಟ್ಟಿ ತುಂಬ ಸಗಣಿ, ನಸುಕಿನ ಗಂಜಲ ಒಂದು ಕೊಡ.
ಕಿರಾಣಿ ಅಂಗಡಿಯ ಗೋಣಿತಳಕ್ಕೆ ಅಂಟಿ ಕರಗಿದ ಬೆಲ್ಲ,
ಇರುವೆ ಸಮೇತ.
ಗಿರಣಿಯ ಕಲ್ಲಿನ ಸುತ್ತ ಬಳಿದ ಕಡ್ಲೆಹಿಟ್ಟು.
ಮದುವೆ ಅಡುಗೆಯವರು ಬಿಟ್ಟುಹೋದ ನೀಲಿ ಡ್ರಮ್ಮು,
ಮುಚ್ಚಳ ಒಡೆದದ್ದು.
ಕೊಯ್ಯುವ ಮಿಷನ್ನು ಉಗುಳಿಹೋದ ಹುಲ್ಲಿಗೆ
ಇನ್ನೇನು ಕಡ್ಡಿ ಗೀರಬೇಕು ಅನ್ನುವವನ ಕೈ ಹಿಡಿದು
ಎರಡು ಬಂಡಿ ಹೊರಿಸಿದಳು ನನ್ನ ಹೆಗಲಿಗೆ.
ಆ ಹೊತ್ತಿಗೆ ಗೊತ್ತಾಯಿತು,
ಹುಲ್ಲಿನ ಹೊರೆ ಬೆನ್ನನ್ನು ಸುಡುವುದಿಲ್ಲ.

ಆಮೇಲೆ ಹೇಳಿದಳು ಐದನೆಯದು:
'ಮಣ್ಣು. ಒಂದ ಹಿಡಿ ಸಾಕು.
ಎಂದೂ ಮದ್ದು ಬೀಳದ್ದು ಇರಬೇಕು.'

ನಕ್ಕೆ. ಮಣ್ಣಿಗೇನು ಬರ?
ಬದುವಿಗೆ ಹೋದೆ, ಕಳೆ ಸುಡುವ ಎಣ್ಣೆಗೆ ಹುಲ್ಲು ಕೆಂಪಾಗಿತ್ತು.
ಹುಣಸೆಯ ಬುಡಕ್ಕೆ ಹೋದೆ,
ಹೊಡೆದವರು ಬಿಸಾಡಿದ ಬಾಟಲಿಗಳು, ಅರಗಿಣಿ ಬಣ್ಣದವು.
ಕಾಲುವೆ ದಂಡೆಯಲ್ಲಿ ಪಂಪು ತೊಳೆಯುತ್ತಿದ್ದರು.
ಶಾಲೆಯ ಬಯಲಿಗೆ ಲಾರಿಯಲ್ಲಿ ಬಂದ ಗರಸು.
ಎಲ್ಲಿ ಬಗ್ಗಿದರೂ ನಾನೇ ಹೊತ್ತ ಚೀಲ
ನನಗಿಂತ ಮೊದಲೇ ಬಂದು ಬಿಚ್ಚಿಕೊಂಡಿತ್ತು.

ಸಂಜೆ ದ್ಯಾವಮ್ಮ ಬುಟ್ಟಿ ಹಿಡಿದು ಮುಂದೆ ನಡೆದಳು,
ನಾನು ಹಿಂದೆ, ಎಲ್ಲಿಗೆಂದು ಕೇಳದೆ.
ಊರಿನ ಪಡುವಣಕ್ಕೆ ಜಾಲಿಯ ನಡುವೆ
ನಮ್ಮವರು ಮಲಗುವ ಜಾಗ.
ಯಾರೂ ಬಿತ್ತದ, ಯಾರೂ ಹೊಡೆಯದ ಗೇಣಗಲ ಭೂಮಿ
ಊರಿಗೆಲ್ಲ ಅದೊಂದೇ ಉಳಿದಿತ್ತು.

ಅವ್ವನ ಗುಂಡಿ ಕುಸಿದು ಸಮವಾಗಿತ್ತು.
ಹನ್ನೊಂದು ವರ್ಷ.
ಆಕೆಯ ಮಣ್ಣಿಗೆ ಬಂದವರೆಲ್ಲ ಒಂದೊಂದು ಹಿಡಿ ಹಾಕಿದ್ದರು,
ನಾನು ಮೊದಲ ಹಿಡಿ.
ಬೇರೆಯವರ ಹಟ್ಟಿಯ ಕುಳ್ಳು ತಟ್ಟಿ ತಟ್ಟಿ
ಗೆರೆಯೇ ಸವೆದಿದ್ದ ಅಂಗೈ ಆಕೆಯದು.
ದ್ಯಾವಮ್ಮ ಚಪ್ಪಲಿ ಬಿಟ್ಟಳು.
'ಅತ್ತೀ, ನಾವು ಕೊಟ್ಟಿದ್ದರೊಳಗ ಒಂದ ಹಿಡಿ
ಸಾಲ ಅಂತ ಕೊಡು.'
ಬೆರಳು ಊರಿದರೆ ಸಡಿಲ, ತಂಪು.
ಕಪ್ಪು ಮಣ್ಣೊಳಗೆ ದಾರದಷ್ಟು ತೆಳು ಎರೆಹುಳ
ನನ್ನ ಉಗುರಿಗೆ ಸುತ್ತಿ ಬಿಟ್ಟುಹೋಯಿತು.

ಡ್ರಮ್ಮಿಗೆ ಈಗ ದಿನಾ ಎರಡು ಹೊತ್ತು
ಬೇವಿನ ಕೋಲಿನಿಂದ ಬಲಕ್ಕೆ ತಿರುವುತ್ತೇನೆ.
ಮೂರನೆಯ ರಾತ್ರಿ ಸದ್ದು ಕೇಳಿತು:
ಬುಳುಕ್... ಬುಳುಕ್...
ನಿದ್ದೆಯಲ್ಲಿ ಅವ್ವ ಗೊಣಗುತ್ತಿದ್ದ ಹಾಗೇ,
ಯಾರನ್ನೋ ಬೈಯುತ್ತ, ಯಾರಿಗೋ ಉಣ್ಣಲು ಕರೆಯುತ್ತ.

ಸೌಳು ಹೋಗುತ್ತದೋ ಇಲ್ಲವೋ, ಗೊತ್ತಿಲ್ಲ.
ಬದುವಿನ ಮೂಲೆಯಲ್ಲಿ, ಮೊದಲು ಸುರಿದ ಮೊಣಕೈಯಷ್ಟು ಜಾಗದಲ್ಲಿ,
ನಿನ್ನೆ ನೆಲ ಮುರಿಯಲಿಲ್ಲ;
ಕಾಲಿಟ್ಟರೆ ಹೆಜ್ಜೆ ಮೂಡಿ ಹಾಗೇ ಉಳಿಯಿತು.

ಇವತ್ತು ಅಂಗಡಿಯಲ್ಲಿ ಮುನೀಮ ಮೂಗು ಮುಚ್ಚಿಕೊಂಡ:
'ಏನೋ ಇದು ವಾಸನಿ ನಿನ್ನ ಮೈಯಾಗ?'
'ಮನಿಯಾಗ ಅವ್ವ ಬಂದಾಳ್ರಿ' ಅಂದೆ,
ಮುಂದಿನ ಚೀಲಕ್ಕೆ ಬೆನ್ನು ಕೊಟ್ಟೆ.